ಎಂಟು ತೊಟ್ಟಿಲಿನ ಘಟಕ

“ಕೂಸು ಆಡ್ಸಾಕೆ ಸರ್ಕಾರ ಸಾಲ ಕೊಡ್ತದಂತೇನೇ? ಹಂಗಾರೆ ನಮ್ಮವ್ವ ಒಂಬತ್ತು ಹಡೆದಾಳೆ. ಆಕಿಗೆ ಒಂದು ಬ್ಯಾಂಕನ್ನೇ ಬರ್ಕೊಡ್ಬೇಕಿತ್ತಲ್ಲ!”

ನನ್ನ ಸಾಲದ ಯೋಚನೆಗೆ ನಕ್ಕವರು ಮೂವರು. ಹೀಗೆಂದ ಮೊದಲನೆಯವರು ನನ್ನ ಸೋದರಮಾವ ಶೇಖರಪ್ಪ. ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಲೋಕದಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬ ತೀರ್ಮಾನ ತಮ್ಮ ಗಲ್ಲಾಪೆಟ್ಟಿಗೆಯ ಹಿಂದೆಯೇ ಆಗುತ್ತದೆ ಎಂದು ನಂಬಿದ್ದವರು. ಎರಡನೆಯವರು ನಮ್ಮೂರ ಬ್ಯಾಂಕಿನ ಮ್ಯಾನೇಜರು. “ನೋಡಮ್ಮ, ಹಿಟ್ಟಿನ ಗಿರಣಿ ಅನ್ನು, ಹೊಲಿಗೆ ಮಷೀನು ಅನ್ನು, ಯೋಚನೆ ಮಾಡೋಣ. ಇದು ವ್ಯಾಪಾರ ಅಲ್ಲ, ಸಂಸಾರ” ಎಂದು ನನ್ನ ಅರ್ಜಿಯನ್ನು ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದ್ದರು. ಮೂರನೆಯವರ ಹೆಸರು ಹೇಳುವುದಿಲ್ಲ. ಅವರ ಮೊಮ್ಮಕ್ಕಳು ಆಮೇಲೆ ನನ್ನಲ್ಲೇ ಬೆಳೆದರು.

ಮೊನ್ನೆ ತ್ಯಾವಣಿಗೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗುತ್ತಿದ್ದೆ. ನಾನು ಹುಟ್ಟಿ ಬೆಳೆದ ಚನ್ನಗಿರಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಯಾವುದೋ ಸಂದಿಯಿಂದ ಅಡಿಕೆ ಬೇಯಿಸುವ ವಾಸನೆ ಬಂತು. ಹಂಡೆಯಲ್ಲಿ ಕುದಿಯುವ ಚೊಗರಿನ, ಅಂದರೆ ಅಡಿಕೆ ಬೆಂದ ಕೆಂಪು ನೀರಿನ, ವಾಸನೆ ಮೂಗಿಗಿಂತ ಮೊದಲು ನಾಲಗೆಗೆ ತಿಳಿಯುತ್ತದೆ. ಒಗರು, ಒಂಚೂರು ಹೊಗೆ, ಒದ್ದೆ ಸಿಪ್ಪೆ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ತ್ಯಾವಣಿಗೆ ಬಸ್ಸು ಬಂತು, ಹೋಯಿತು.

ಎಂಬತ್ತರ ದಶಕದ ನಡುವಿನ ಒಂದು ವರ್ಷ. ಆಗ ನಮ್ಮದು ಇನ್ನೂ ಶಿವಮೊಗ್ಗ ಜಿಲ್ಲೆ. ಸೂಳೆಕೆರೆ ತುಂಬಿ ಕೋಡಿ ಬಿದ್ದಿತ್ತು. ಗಣೇಶನ ಹಬ್ಬ ಕಳೆದರೂ ಮೋಡ ಪೂರ್ತಿ ಬಿಟ್ಟಿರಲಿಲ್ಲ. ಎರಡು ದಿನ ಬಿಸಿಲು, ಮೂರು ದಿನ ಜಡಿ. ಬೇಯಿಸಿದ ಅಡಿಕೆ ಒಣಗದೆ ಖೇಣಿದಾರರು, ಅಂದರೆ ತೋಟದ ಫಸಲನ್ನು ಮರದ ಮೇಲಿದ್ದಾಗಲೇ ಗುತ್ತಿಗೆ ಹಿಡಿದವರು, ದಿನವಿಡೀ ಆಕಾಶ ನೋಡುತ್ತ ಬೈಯುತ್ತಿದ್ದರು. ಬಿಸಿಲು ಬಿದ್ದ ದಿನ ಸುಲಿಯುವ ಹೆಂಗಸರಿಗೆ ಕತ್ತೆತ್ತಲು ಪುರುಸೊತ್ತಿಲ್ಲ.

ನಮ್ಮವ್ವ ಆ ಸುಲಿಯುವವರಲ್ಲಿ ಒಬ್ಬಳು. ಅಪ್ಪ ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಇಬ್ಬರಿಗೂ ಅಕ್ಷರ ಗೊತ್ತಿರಲಿಲ್ಲ. ನಾನು ಗಿರಿಜಾ, ಬಿ.ಎ., ನಮ್ಮ ಎರಡೂ ಮನೆತನದಲ್ಲಿ ಮೊದಲ ಪದವೀಧರೆ. ಪದವಿ ಬಂದು ಎರಡು ವರ್ಷವಾಗಿತ್ತು, ಕೆಲಸ ಬಂದಿರಲಿಲ್ಲ. ಹೊನ್ನಾಳಿ ಮಾವ ತಮ್ಮ ಅಂಗಡಿಯಲ್ಲಿ ಬಿಲ್ಲು ಬರೆಯಲು ಕರೆದಿದ್ದರು. ನಾನು ಹೋಗಲಿಲ್ಲ. ಅದಕ್ಕೇ ಅವರಿಗೆ ಸಿಟ್ಟು.

ಅವ್ವನಿಗೆ ಬುತ್ತಿ ಕೊಡಲು ದಿನಾ ಖೇಣಿದಾರ ಬಸಣ್ಣನ ಕಣಕ್ಕೆ ಹೋಗುತ್ತಿದ್ದೆ. ತಗಡಿನ ಚಪ್ಪರದ ಕೆಳಗೆ ಹಸಿ ಅಡಿಕೆಯ ರಾಶಿ, ಸುತ್ತ ಇಪ್ಪತ್ತು ಹೆಂಗಸರು. ಸುಲಿಯುವ ಮೆಟ್ಟುಗತ್ತಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಮರದ ಹಲಗೆಗೆ ನಿಲ್ಲಿಸಿದ ಅಲಗು ಅದು. ಹಲಗೆಯನ್ನು ಕಾಲಲ್ಲಿ ಮೆಟ್ಟಿ, ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಬೇಕು. ಕಾಲು, ಕೈ, ಕಣ್ಣು, ಮೂರೂ ಅಲ್ಲೇ. ಬೆನ್ನ ಹಿಂದೆ ಕೂಸು ಎದ್ದರೆ ಗೊತ್ತಾಗುವುದು ಅಳು ಕೇಳಿದ ಮೇಲೆ. ಸ್ಥಳೀಯರಿಗೆ ಮನೆಯಲ್ಲಿ ಅತ್ತೆಯೋ ಅವ್ವನೋ ಇರುತ್ತಿದ್ದರು. ಹಂಗಾಮಿಗೆಂದು ಜಗಳೂರು ಕಡೆಯಿಂದ ಬಂದ ಹೆಂಗಸರಿಗೆ ಯಾರಿದ್ದಾರೆ? ಅವರು ಕೂಸುಗಳನ್ನು ಹಳೇ ಸೀರೆಯ ಸೆರಗಿನಿಂದ ಗಾಡಿಯ ಗಾಲಿಗೆ ಕಟ್ಟುತ್ತಿದ್ದರು. ಸೊಂಟಕ್ಕೆ ಒಂದು ಗಂಟು, ಗಾಲಿಗೆ ಒಂದು ಗಂಟು, ಕೈಗೆ ಒಂದು ತುಣುಕು ರೊಟ್ಟಿ.

ಒಂದು ದಿನ ಒಂದು ಗಂಟು ಬಿಚ್ಚಿತು. ಜಗಳೂರಿನ ತಿಪ್ಪಮ್ಮನ ಮಗಳು ಮಂಜಿ, ಒಂದು ವರ್ಷದ್ದು, ಅಂಬೆಗಾಲಿಕ್ಕಿ ಬಂದು ಅಲಗಿನ ಮೇಲೆ ಅಂಗೈ ಊರಿತು. ನಾನು ಆ ಹೊತ್ತಿಗೆ ಬುತ್ತಿ ಹಿಡಿದು ಬಾಗಿಲಲ್ಲಿದ್ದೆ. ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳೂ ನಾನೇ. ನಾಲ್ಕು ಹೊಲಿಗೆ ಬಿತ್ತು. ಬೆರಳು ಉಳಿದವು.

ವಾಪಸು ಬಂದಾಗ ಬಸಣ್ಣ ಕಣದ ನಡುವೆ ನಿಂತು ಹೇಳುತ್ತಿದ್ದ: “ನಾಳಿಂದ ಕೂಸು ಇರೋರು ಬರಾಕೆ ಬ್ಯಾಡ. ನಂಗೆ ಪೊಲೀಸ್ ಸ್ಟೇಷನ್ ಕಾಯಾಕೆ ಆಗಂಗಿಲ್ಲ. ಜಗಳೂರು ಬಸ್ಸಿಗೆ ನಾನೇ ಹತ್ತಿಸ್ತೀನಿ.”

ಏಳು ಹೆಂಗಸರ ಹಂಗಾಮು ಒಂದು ಮಾತಿನಲ್ಲಿ ಮುಗಿಯುವುದರಲ್ಲಿತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. “ಬಸಣ್ಣ, ಕೂಸುಗಳನ್ನ ನಾನು ನೋಡ್ಕಂತೀನಿ. ಕಣದಾಗೆ ಒಂದೂ ಕಾಣದಂಗೆ ನೋಡ್ಕಂತೀನಿ” ಅಂದೆ.

“ಬಿ.ಎ. ಓದಿ ಉಚ್ಚೆ ಬಟ್ಟೆ ತೊಳೀತಿಯೇನವ್ವ?”

“ತೊಳೀತೀನಿ. ಓದಿರೋ ಕೈಗೇನು ನೀರು ಅಂಟಲ್ವಾ?”

ಹೆಂಗಸರು ನಕ್ಕರು. ಅವ್ವ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಇನ್ನೊಂದು ಕಾಯಿ ಸುಲಿದಳು.

ಕಣದ ಹಿಂದೆ ಗಾದಿ ಹೊಲಿಯುವ ಮಾಬೂಬಿಯವರ ಮನೆ. ಮುಂದಿನ ಪಡಸಾಲೆ ದೊಡ್ಡದು. ಮದುವೆಯ ದಿನಗಳು ಬರುವವರೆಗೆ ಗಾದಿಗೆ ಗಿರಾಕಿ ಕಡಿಮೆ. “ದೀಪಾವಳಿ ಆಗೋವರೆಗೂ ಇಟ್ಕೋ ಬೇಟಿ. ಆಮೇಲೆ ನಂಗೆ ಹತ್ತಿ ಹರಡಾಕೆ ಜಾಗ ಬೇಕು” ಎಂದು ಕೀಲಿ ಕೊಟ್ಟರು. ತೊಟ್ಟಿಲಿಗೆಂದು ಹಳೇ ಗಾದಿ ಬಟ್ಟೆಯನ್ನು ಎರಡು ಪದರ ಹೊಲಿದುಕೊಟ್ಟರು. ತೊಲೆಗೆ ನೇತುಹಾಕಿದ ಆ ಜೋಲಿಗಳು ಎಂಟು. ಹೀಗೆ ಶುರುವಾಯಿತು. ಬೆಳಗ್ಗೆ ಎಂಟಕ್ಕೆ ಕೂಸು ಬಿಡುವುದು, ಹನ್ನೊಂದಕ್ಕೆ ಒಬ್ಬೊಬ್ಬರೇ ಹಿಂಬಾಗಿಲಿಂದ ಬಂದು ಹಾಲು ಕುಡಿಸಿ ಹೋಗುವುದು, ಮಧ್ಯಾಹ್ನ ರಾಗಿ ಗಂಜಿ. ಎರಡನೇ ವಾರಕ್ಕೆ ಪಕ್ಕದ ಕಣದ ಹೆಂಗಸರೂ ತಂದು ಬಿಟ್ಟರು. ಹದಿನಾಲ್ಕು ಮಕ್ಕಳಾದವು.

ಆದರೆ ದೀಪಾವಳಿ ಎಷ್ಟು ದೂರ? ಬೇರೆ ಮನೆ ಹಿಡಿಯಬೇಕು, ನಿಜವಾದ ತೊಟ್ಟಿಲು, ಪಾತ್ರೆ, ಚಾಪೆ, ಕೈಗೆ ಇನ್ನೊಬ್ಬ ಆಯಾ ಬೇಕು. ಇಲ್ಲದಿದ್ದರೆ ಬಸಣ್ಣ ಹೇಳಿದಂತೆ ಜಗಳೂರು ಬಸ್ಸು. ಆ ವರ್ಷ ಓದಿದ ನಿರುದ್ಯೋಗಿಗಳಿಗೆ ಸರ್ಕಾರದ ಸ್ವಯಂ ಉದ್ಯೋಗ ಸಾಲವಿತ್ತು. ಬ್ಯಾಂಕಿಗೆ ಸರ್ಕಾರವೇ ಬೆನ್ನಿಗಿರುತ್ತದೆ, ಜಮೀನು ಒತ್ತೆ ಇಡಬೇಕಿಲ್ಲ. ನಮ್ಮಲ್ಲಿ ಇಡಲು ಜಮೀನೂ ಇರಲಿಲ್ಲ.

ಮ್ಯಾನೇಜರು ತಳ್ಳಿದ ಅರ್ಜಿಯನ್ನು ಮಡಿಸಿಕೊಂಡು ಆ ಸಾಲ ಮಂಜೂರು ಮಾಡುವ ಶಿವಮೊಗ್ಗದ ಸರ್ಕಾರಿ ಕಚೇರಿಗೇ ಹೋದೆ. ಗುಮಾಸ್ತರೊಬ್ಬರು ನಮೂನೆ ಮುಂದಿಟ್ಟರು. ಯಂತ್ರೋಪಕರಣ ಎಂಬಲ್ಲಿ “ತೊಟ್ಟಿಲು, ಎಂಟು” ಎಂದು ಬರೆದೆ. ಕಚ್ಚಾ ಮಾಲು ಎಂಬಲ್ಲಿ “ರಾಗಿ, ಬೆಲ್ಲ, ಹಾಲು, ಸೋಪು.” ತಯಾರಾಗುವ ವಸ್ತು ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಖಾಲಿ ಬಿಟ್ಟೆ. ಮಕ್ಕಳ ಪಟ್ಟಿಯೊಂದನ್ನು ಲಗತ್ತಿಸಬೇಕೆಂದರು. ಹೆಸರು, ವಯಸ್ಸು, ತಂದೆ ತಾಯಿ, ಊರು. ಅದನ್ನಂತೂ ಸ್ಕೇಲಿಟ್ಟು ಗೆರೆ ಎಳೆದು, ದುಂಡಗೆ ಬರೆದೆ. ನನ್ನ ಅಕ್ಷರದ ಬಗ್ಗೆ ನನಗೆ ಹೆಮ್ಮೆಯಿತ್ತು.

ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಐದು ಜನ. ನನಗಿಂತ ಮುಂಚೆ ಹೋದವನು ಸೈಕಲ್ ಶಾಪು, ಹಿಂದೆ ನಿಂತವನು ಫೋಟೋ ಸ್ಟುಡಿಯೋ. ನಡುವೆ ಕೂತ ಹಿರಿಯ ಅಧಿಕಾರಿ ನಮೂನೆ ತಿರುವಿ, “ಇದೇನಮ್ಮ ಖಾಲಿ? ನಿಮ್ಮ ಘಟಕದಲ್ಲಿ ಏನು ತಯಾರಾಗುತ್ತೆ?” ಎಂದರು.

ಒಬ್ಬರು ಆಗಲೇ ನಗಲು ತಯಾರಾಗಿದ್ದರು. ನಾನು ಮೇಜಿನ ಮೇಲೆ ಎರಡೂ ಕೈ ಇಟ್ಟು ತೋರಿಸಿದೆ. “ಸಾರ್, ಅಡಿಕೆ ಸುಲಿಯೋಕೆ ಎರಡೂ ಕೈ ಬೇಕು. ಕೂಸು ಇರೋಳಿಗೆ ಒಂದೇ ಕೈ ಇರುತ್ತೆ. ಆ ಇನ್ನೊಂದು ಕೈಯನ್ನ ನಾನು ಬಿಡಿಸಿಕೊಡ್ತೀನಿ.”

ನಗಲು ತಯಾರಾದವರು ನನ್ನ ಕೈಗಳನ್ನು ನೋಡಿದರು. ಹಿರಿಯರು ಖಾಲಿ ಕಾಲಮ್ಮಿನಲ್ಲಿ ತಾವೇ ಏನೋ ಬರೆದರು. “ಸೇವಾ ಘಟಕ ಅಂತ ಹಾಕಿದೀನಿ. ನಮ್ಮ ಮೂರ್ತಿ ಬಂದು ಜಾಗ ನೋಡ್ತಾರೆ. ಘಟಕ ನಡೀತಿರಬೇಕು, ಮಕ್ಕಳು ಇರಬೇಕು. ಈ ಹತ್ತು ದಿನದಲ್ಲಿ ಸಾಲದ ಪಟ್ಟಿ ಮುಚ್ಚುತ್ತೆ. ಆಮೇಲೆ ಬಂದರೆ ಮುಂದಿನ ವರ್ಷ.”

ಮುಂದಿನ ವರ್ಷ ಅಂದರೆ ತಿಪ್ಪಮ್ಮನ ಪಾಲಿಗೆ ಇಲ್ಲ ಎಂದೇ ಅರ್ಥ.

ಮೂರ್ತಿ ಬರುವ ಹಿಂದಿನ ಸಂಜೆ ಕಣಕ್ಕೆ ಹೋಗಿ ಜಂಬದಿಂದ ಹೇಳಿದೆ: “ನಾಳೆ ಸರ್ಕಾರದ ಸಾಹೇಬ್ರು ಮಕ್ಕಳನ್ನ ನೋಡಾಕೆ ಬರ್ತಾರೆ. ಎಲ್ಲಾರ ಹೆಸ್ರೂ ಬರ್ದು ಕೊಟ್ಟೀನಿ. ಎಣ್ಣೆ ಹಚ್ಚಿ, ತಲೆ ಬಾಚಿ ಕಳಿಸ್ರಿ.” ಹೆಂಗಸರು ತಲೆ ತಗ್ಗಿಸಿ ಸಿಪ್ಪೆ ಗುಡಿಸತೊಡಗಿದರು. ದಣಿದಿದ್ದಾರೆ ಅಂದುಕೊಂಡೆ.

ಮರುದಿನ ಮೂರು ದಿನದ ಜಡಿ ಬಿಟ್ಟು ಬಿಸಿಲು ಬಿದ್ದಿತ್ತು. ಮಕ್ಕಳು ಬಂದವು, ಎಣ್ಣೆ ಹಚ್ಚಿಕೊಂಡೇ ಬಂದವು. ಹತ್ತು ಗಂಟೆಗೆ ನಾನು ಮುಂಬಾಗಿಲಲ್ಲಿ ರಂಗೋಲಿ ಎಳೆಯುತ್ತಿದ್ದೆ. ಸಂದಿಯ ತಿರುವಿನಲ್ಲಿ ಸರ್ಕಾರಿ ಜೀಪು ಕಾಣಿಸಿತು. ಅದರ ಸದ್ದಿಗೆ ಕಣದಲ್ಲಿ ಯಾರೋ ಕೂಗಿದರು. ಹಿಂಬಾಗಿಲು ದಡಾರನೆ ತೆರೆಯಿತು. ನಾನು ಒಳಗೆ ಬರುವಷ್ಟರಲ್ಲಿ ಹೆಂಗಸರು ಜೋಲಿಯಿಂದ ಕೂಸುಗಳನ್ನು ಬಾಚಿಕೊಂಡು ಹೋಗಿದ್ದರು. ಜೋಲಿಗಳು ಇನ್ನೂ ತೂಗುತ್ತಿದ್ದವು. ಮಾಬೂಬಿಯವರು ಸೌಟು ಹಿಡಿದು ನಡುವೆ ನಿಂತಿದ್ದರು. “ಅರೆ, ಗಂಜಿ ಕುದೀತಾ ಐತೆ, ಕುಡಿಯೋರೇ ಓಡೋದ್ರಲ್ಲ ಬೇಟಿ!”

ಮೂರ್ತಿ ಸಾಹೇಬರು ಫೈಲು ಕಂಕುಳಲ್ಲಿಟ್ಟು ಬಂದರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಎಂಟು ಖಾಲಿ ಜೋಲಿ ನೋಡಿದರು, ನನ್ನನ್ನು ನೋಡಿದರು.

“ಏನಮ್ಮ ಇದು? ಹದಿನಾಲ್ಕು ಮಕ್ಕಳು ಅಂತ ಬರೆದಿದೀರಿ.”

“ಈಗಷ್ಟೇ ಇದ್ವು ಸಾರ್.”

“ಎಲ್ಲ ಕಡೆ ಹೀಗೇ ಹೇಳ್ತಾರೆ. ಹಸು ಸಾಲದಲ್ಲಿ ಹಸು ಈಗಷ್ಟೇ ಮೇಯೋಕೆ ಹೋಗಿರುತ್ತೆ” ಎಂದು ಪೆನ್ನಿನ ಮುಚ್ಚಳ ತೆಗೆದರು. ‘ಘಟಕ ಕಾರ್ಯನಿರತವಾಗಿಲ್ಲ’ ಎಂದು ಅವರು ಬರೆದರೆ ಮುಗಿಯಿತು.

“ಸಾರ್, ಹತ್ತು ನಿಮಿಷ ಕೊಡಿ” ಎಂದು ಕಣಕ್ಕೆ ಓಡಿದೆ.

ಬೆಂದ ಅಡಿಕೆಯ ಹಂಡೆಯ ಹಿಂದೆ, ಸಿಪ್ಪೆಯ ಗುಡ್ಡೆಯ ಮರೆಯಲ್ಲಿ ಎಲ್ಲರೂ ಕೂಸು ಅವಚಿಕೊಂಡು ಕೂತಿದ್ದರು. ತಿಪ್ಪಮ್ಮ ನನ್ನನ್ನು ಕಂಡು ಮಂಜಿಯ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು.

“ಯಾಕ್ರೇ? ಅವರು ಸಾಲದ ಸಾಹೇಬ್ರು ಕಣ್ರೇ!”

“ನಮ್ಮಣ್ಣನ್ನೂ ಹಂಗೇ ಕರ್ಕಂಡೋದ್ರು” ಅಂದಳು ತಿಪ್ಪಮ್ಮ. “ಮೊದ್ಲು ಓದಿರೋ ಒಬ್ಬ ಬಂದು ಹೆಸ್ರು, ವಯಸ್ಸು, ಮನಿಯಾಗೆ ಎಷ್ಟು ಜನ ಅಂತ ಬರ್ಕಂಡು ಹೋದ. ಆಮ್ಯಾಲೆ ಇಂಥದೇ ಜೀಪು ಬಂತು. ಆಪ್ರೇಷನ್ ಮಾಡಿ ಒಂದು ಡಬ್ಬ ಎಣ್ಣೆ ಕೊಟ್ಟು ಕಳಿಸಿದ್ರು. ಅವನಿಗೆ ಆಗಿನ್ನೂ ಮದ್ವಿನೇ ಆಗಿರ್ಲಿಲ್ಲ.”

ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ಸಂತಾನಹರಣ ಮಾಡಿಸುತ್ತಿದ್ದ, ಎಂಟು ಹತ್ತು ವರ್ಷ ಹಿಂದಿನ ಮಾತು. ಆ ದಿನಗಳು ನನಗೂ ಗೊತ್ತಿದ್ದವು. ಜೀಪು ಕಂಡರೆ ಅಪ್ಪ ಮಂಡಿಯ ಮೂಟೆಗಳ ಹಿಂದೆ ಅಡಗುತ್ತಿದ್ದದ್ದು ಗೊತ್ತಿತ್ತು. ಆದರೂ ಸ್ಕೇಲಿಟ್ಟು ಗೆರೆ ಎಳೆಯುವಾಗ ನೆನಪಾಗಲಿಲ್ಲ. ಅವ್ವ ಅಲಗಿನಿಂದ ಕಣ್ಣೆತ್ತದೆ ಅಂದಳು: “ಅವ್ರ ತಪ್ಪಲ್ಲ. ನೀನು ಓದಿರೋಳು, ಜೀಪು ಅಂದ್ರೆ ಏನು ಅಂತ ಮರ್ತೋಯ್ತು ನಿಂಗೆ.”

ತಿಪ್ಪಮ್ಮ ಒಂದೇ ಮಾತು ಹೇಳಿದಳು. “ಆ ಪಟ್ಟಿ ನನ್ನ ಕೈಯಾಗೆ ಕೊಡು. ಮಂಜಿನ ಕರ್ಕಂಡು ಬರ್ತೀನಿ.”

ಪಟ್ಟಿ ಇದ್ದದ್ದು ಮೂರ್ತಿಯವರ ಫೈಲಿನಲ್ಲಿ. ವಾಪಸು ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ, ಒಂದು ಅಕ್ಷರ ಮುಚ್ಚಿಡಲಿಲ್ಲ. ಅವರು ತಲೆಯಾಡಿಸಿದರು.

“ಅದು ಲಗತ್ತು ನಾಲ್ಕು. ಫೈಲಿನಿಂದ ಹಾಳೆ ಕಿತ್ತು ಕೊಡೋಕೆ ಬರಲ್ಲಮ್ಮ. ನನ್ನ ಕೆಲಸ ಹೋಗುತ್ತೆ.”

“ಅದು ನಾನು ಬರೆದದ್ದು ಸಾರ್. ಅವರನ್ನ ಒಂದು ಮಾತು ಕೇಳದೆ ಬರೆದದ್ದು. ತಪ್ಪು ನಂದು. ಅದನ್ನ ನಾನು ಹಿಂದಕ್ಕೆ ತಗೊಳ್ಳೋಕೆ ದಾರಿ ಇಲ್ವಾ?”

ಅವರು ಕನ್ನಡಕ ತೆಗೆದು ಒರೆಸಿದರು. ನಿಯಮ ಬಿಟ್ಟು ಒಂದು ಹೆಜ್ಜೆ ಇಡುವ ಮನುಷ್ಯ ಅಲ್ಲ ಅವರು. ನಿಯಮದ ಒಳಗೇ ಹುಡುಕಿದರು. ಕನ್ನಡಕ ಮತ್ತೆ ಏರಿಸಿ ಅಂದರು: “ಅರ್ಜಿದಾರರು ಲಿಖಿತವಾಗಿ ಕೇಳಿದರೆ ಲಗತ್ತು ಹಿಂದಕ್ಕೆ ಕೊಡಬಹುದು. ಆದರೆ ಆ ಜಾಗದಲ್ಲಿ ಬೇರೆ ಲಗತ್ತು ಇರಬೇಕು. ಹೆಸರಿಲ್ಲದ ಪಟ್ಟಿ ಯಾರು ಒಪ್ತಾರೆ?”

“ಮಕ್ಕಳನ್ನ ನೀವೇ ಕಣ್ಣಾರೆ ಕಂಡು ಬರೆದರೆ?”

ಅವರು ಫೈಲಿನಿಂದ ಒಂದು ಬಿಳಿ ಹಾಳೆ ತೆಗೆದು ನನ್ನತ್ತ ಚಾಚಿದರು. ನಾನು ಮಾಬೂಬಿಯವರ ಗಾದಿ ಕಟ್ಟಿನ ಮೇಲೆ ಹಾಳೆಯಿಟ್ಟು ವಿನಂತಿ ಬರೆದು ಸಹಿ ಹಾಕಿ ಕೊಟ್ಟೆ. ಓದಿದರು, ಒಂದು ಕಾಗುಣಿತ ತಿದ್ದಿದರು, ದಾರ ಬಿಚ್ಚಿ ಹಾಳೆಯನ್ನು ನನ್ನ ಕೈಗಿಟ್ಟರು. ನಾನು ಕೇಳುವ ಮೊದಲೇ ಡ್ರೈವರನ್ನು ಕರೆದು, “ಜೀಪು ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿಕೊಂಡು ಟೀ ಕುಡಿ. ನಾನು ನಡೆದು ಬರ್ತೀನಿ” ಎಂದರು.

ಪಟ್ಟಿಯನ್ನು ತಿಪ್ಪಮ್ಮನಿಗೆ ಕೊಟ್ಟೆ. ಅವಳಿಗೆ ಓದಲು ಬರುತ್ತಿರಲಿಲ್ಲ. “ಮಂಜಿ ಎಲ್ಲೈತೆ ತೋರ್ಸು” ಅಂದಳು. ಮೂರನೇ ಸಾಲು ತೋರಿಸಿದೆ. ಆ ಸಾಲನ್ನು ಚೊಗರು ಹಿಡಿದ ಹೆಬ್ಬೆರಳಿನಿಂದ ಒಮ್ಮೆ ಸವರಿ, ಹಾಳೆಯನ್ನು ಹಂಡೆಯ ಒಲೆಗೆ ಹಾಕಿದಳು. ನನ್ನ ದುಂಡು ಅಕ್ಷರ ಒಂದು ಗಳಿಗೆ ಹೊಳೆದು ಕಪ್ಪಾಯಿತು. ಅವಳು ಮಂಜಿಯನ್ನು ಸೊಂಟಕ್ಕೆ ಹಾಕಿಕೊಂಡು ಮುಂದೆ ನಡೆದಳು. ಉಳಿದವರು ಹಿಂದೆ ಬಂದರು.

ಪಡಸಾಲೆಯಲ್ಲಿ ಮೂರ್ತಿಯವರು ಚಾಪೆಯ ಮೇಲೆ ಕೂತಿದ್ದರು. ತಿಪ್ಪಮ್ಮ ಕೂಸನ್ನು ಕೆಳಗಿಳಿಸುವ ಮೊದಲು ಅವರ ವಿಚಾರಣೆಯನ್ನೇ ಶುರು ಮಾಡಿದಳು.

“ನಿಮಗೆಷ್ಟು ಮಕ್ಳು ಸ್ವಾಮಿ?”

“ಎರಡಮ್ಮ.”

“ನೀವು ಮಾಡಿಸ್ಕಂಡೀರೇನು, ಆಪ್ರೇಷನ್ನು?”

ಹೆಂಗಸರ ನಗೆಗೆ ತೊಲೆಯ ಧೂಳು ಉದುರಬೇಕು. ಮೂರ್ತಿಯವರ ಕಿವಿ ಕೆಂಪಾಯಿತು. “ಇಲ್ಲಮ್ಮ. ನಾನು ಆ ಇಲಾಖೆಯವನಲ್ಲ” ಎಂದರು. “ನಮ್ಮ ಮನೆಯವರು ಸ್ಕೂಲಲ್ಲಿ ಪಾಠ ಮಾಡ್ತಾರೆ. ಚಿಕ್ಕದನ್ನ ನೋಡಿಕೊಳ್ಳೋರಿಲ್ಲ ಅಂತ ಈ ವರ್ಷ ರಜೆ ಹಾಕಿದಾರೆ, ಸಂಬಳ ಇಲ್ಲದೆ.”

“ಇಲ್ಲಿಗೆ ತಂದು ಬಿಡ್ರಿ ಮತ್ತೆ” ಅಂದಳು ತಿಪ್ಪಮ್ಮ. “ಗಿರಿಜವ್ವ ಚೆಂದಾಗಿ ನೋಡ್ಕಂತಾಳೆ. ಪಟ್ಟಿ ಗಿಟ್ಟಿ ಬರೆಯಾಕೆ ಮಾತ್ರ ಬಿಡಬ್ಯಾಡ್ರಿ.”

ಅವರು ಒಂದು ಗಂಟೆ ಇದ್ದರು. ಹನ್ನೊಂದಕ್ಕೆ ತಾಯಂದಿರು ಒಬ್ಬೊಬ್ಬರಾಗಿ ಬಂದು ಹೋಗುವುದನ್ನು ನೋಡಿದರು. ಗಂಜಿಯ ರುಚಿ ನೋಡಿದರು. ಕಣಕ್ಕೆ ಹೋಗಿ ಮೆಟ್ಟುಗತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಲಗನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಂಜಿಯ ಅಂಗೈಯ ಗೆರೆಯನ್ನೂ ನೋಡಿದರು. ಆಮೇಲೆ ಹೊಸ ಲಗತ್ತು ನಾಲ್ಕನ್ನು ತಮ್ಮ ಕೈಯಾರೆ ಬರೆದರು. ನಾನು ಅವರ ಭುಜದ ಮೇಲಿಂದ ಓದಿದೆ. ‘ಹದಿನಾಲ್ಕು ಮಕ್ಕಳನ್ನು ಖುದ್ದಾಗಿ ಕಂಡಿರುತ್ತೇನೆ. ಘಟಕವು ಕಾರ್ಯನಿರತವಾಗಿದೆ. ಸ್ಥಳದ ಅಗತ್ಯ ತುರ್ತಾಗಿದೆ.’ ಯಾರ ಹೆಸರೂ ಇರಲಿಲ್ಲ, ಅವರದೊಂದನ್ನು ಬಿಟ್ಟು.

ಅಂದು ನನ್ನ ಹೆಮ್ಮೆ ಕಮ್ಮಿಯಾಯಿತೆಂದು ಯಾರೂ ತಿಳಿಯಬಾರದು. ಜಾಗ ಬದಲಾಯಿತು, ಅಷ್ಟೆ. ಅಲ್ಲಿಯವರೆಗೆ ಅದು ಅಕ್ಷರದಲ್ಲಿತ್ತು, ಆಮೇಲೆ ಆ ಜೋಲಿಗಳಲ್ಲಿ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಕಾಗದ ಬಂತು. ಮಂಜೂರಾಗಿದೆ, ನೋಂದಣಿ ಪ್ರಮಾಣಪತ್ರ ಪಡೆಯಲು ಖುದ್ದು ಬರಬೇಕು. ಅಪ್ಪ ಆ ದಿನ ಮಂಡಿಗೆ ಹೋಗದೆ ತಾವೇ ಪಡಸಾಲೆಯಲ್ಲಿ ಕೂತು ಜೋಲಿ ತೂಗಿದರು, ಮಾಬೂಬಿಯವರ ಕಾವಲಿನಲ್ಲಿ. ಅವ್ವ ಒಂದು ದಿನದ ಸುಲಿತ ಬಿಟ್ಟು ನನ್ನ ಜತೆ ಶಿವಮೊಗ್ಗದ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಯಾರ ತೋಟದಲ್ಲಿ ಇನ್ನೂ ಅಡಿಕೆಗೊನೆ ಇಳಿದಿಲ್ಲ ಎಂದು ಹೇಳುತ್ತ ಬಂದಳು.

ಕಚೇರಿಯ ಹಜಾರದ ಬೆಂಚುಗಳ ಮೇಲೆ ನಮ್ಮಂತೆ ಕಾಗದಕ್ಕಾಗಿ ಬಂದವರು ತುಂಬಿದ್ದರು. ಎಲ್ಲ ಗಂಡಸರು, ಎಲ್ಲರ ಕಂಕುಳಲ್ಲೂ ಫೈಲು. ನನ್ನ ಸರದಿ ಬಂದಾಗ ಆ ಹಿರಿಯ ಅಧಿಕಾರಿ ಎದ್ದು ನಿಂತೇ ಪ್ರಮಾಣಪತ್ರ ಕೊಟ್ಟರು. ದಪ್ಪ ಹಾಳೆ, ಮೇಲೆ ಮುದ್ರೆ, ಕೆಳಗೆ ಹಸಿರು ಶಾಯಿಯ ಸಹಿ. ನಾನು ಅದನ್ನು ಅವ್ವನ ಕೈಗೆ ಕೊಟ್ಟೆ. ಅವಳು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಮತ್ತೆ ನನಗೇ ಕೊಟ್ಟು, “ಏನು ಬರ್ದಾರೆ, ಓದು” ಅಂದಳು.

ಹಜಾರದಲ್ಲಿ ನಿಂತು ಮೆಲ್ಲಗೆ ಓದಿದೆ. “ಶಿಶುಪಾಲನಾ ಸೇವಾ ಘಟಕ, ಚನ್ನಗಿರಿ. ಮಾಲೀಕರು, ಕುಮಾರಿ ಗಿರಿಜಾ, ಬಿ.ಎ.”

ಅವ್ವ ಬೆಂಚಿನ ಮೇಲೆ ಸಾಲಾಗಿ ಕೂತವರ ಕಡೆ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

“ಇನ್ನೊಂದ್ಸಲ ಓದು” ಅಂದಳು. “ಗಟ್ಟಿಯಾಗಿ ಓದೇ, ಅವ್ರಿಗೂ ಕೇಳ್ಲಿ.”